ಕರಿ ಪಟ್ಟಿಯ ಭಾವ

ಸುವಾ, ಮಾರ್ಚ್ 12, 1979

ಪ್ರೀತಿಯ ಲವೇನಿಯಾ,

ಈ ಪತ್ರವನ್ನು ನಿಂತು ಓದಬೇಡ, ಕುಳಿತು ಓದು. ಕೆಳಗೆ ಸಹಿ ಮಾಡಿರುವ ಇಸಿಕೇಲಿ ಎಂಬ ನಾನು, ಸುವಾ ನಗರದ ಗ್ರಂಥಾಲಯದಲ್ಲಿ ಗುಮಾಸ್ತ, ಭಾನುವಾರಗಳಂದು ಚರ್ಚಿನ ಗಾಯಕರ ಹಿಂದಿನ ಸಾಲಿನ ದಪ್ಪ ದನಿ, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತನಾಗಿ ಒಪ್ಪಿಕೊಳ್ಳುವುದೇನೆಂದರೆ: ನಿನ್ನ ಅಮ್ಮ, ಅಂದರೆ ನನ್ನ ಸೋದರತ್ತೆ ಮಕೆರೆತಾ, ಬ್ರಿಸ್ಬೇನಿನಲ್ಲಿರುವ ಮಗಳಿಗೆ ತಲುಪಿಸು ಎಂದು ಕಂಡಾವು ದ್ವೀಪದಿಂದ ನನ್ನ ಕೈಗೆ ಕಳಿಸಿದ್ದ ಎರಡು ಕಟ್ಟು ಯಂಗೋನ ಬೇರಿನಲ್ಲಿ ಒಂದು ಕಟ್ಟು ಈಗ ಈ ಲೋಕದಲ್ಲಿಲ್ಲ. ಅದನ್ನು ಕುಟ್ಟಿ, ನೀರಿನಲ್ಲಿ ಕಲಸಿ, ಬೋಗುಣಿಗೆ ಸೋಸಿ, ಕುಡಿಯಲಾಗಿದೆ. ಕುಡಿದವನು ನಾನು. ಜೊತೆಯಲ್ಲಿ ಇನ್ನೂ ಕೆಲವರಿದ್ದರು, ಆದರೆ ಪರರ ಮಾನ ಕಳೆದು ನನ್ನ ಪಾಪ ಹಗುರ ಮಾಡಿಕೊಳ್ಳುವ ಜಾಯಮಾನ ನನ್ನದಲ್ಲ. ಬೇರಿನ ನೀರಿಗೆ ನಾಲಿಗೆ ಮರಗಟ್ಟಿತು. ಮನಸ್ಸಾಕ್ಷಿ ಮಾತ್ರ ಮರಗಟ್ಟಲಿಲ್ಲ, ಅದಕ್ಕೇ ಈ ತಪ್ಪೊಪ್ಪಿಗೆ.

ಉಳಿದ ಕಟ್ಟನ್ನು ನಮ್ಮ ಪಾದ್ರಿಯ ತಂಗಿಯ ಕೈಯಲ್ಲಿ ಕಳಿಸಿದ್ದೇನೆ.

ಇನ್ನು ನಿನ್ನ ಪ್ರಶ್ನೆ. "ಭಾವ, ನೀನು ಕರಾಟೆಯಲ್ಲಿ ಕರಿ ಪಟ್ಟಿಯವನು. ಮೈ ಗಟ್ಟಿಯಾಗಬೇಕು, ದಾರಿಯಲ್ಲಿ ಯಾರಾದರೂ ಮೈಮೇಲೆ ಬಂದರೆ ಬಿಡಿಸಿಕೊಳ್ಳಲೂ ಬರಬೇಕು. ಮೊದಲು ಯಾವ ವಿದ್ಯೆ ಕಲಿಯಲಿ?" ಎಂದು ಕೇಳಿದ್ದೀಯೆ. ನಿನ್ನ ಒಳಗುಟ್ಟು ನನಗೆ ತಿಳಿಯದೆ? ಅತ್ತೆ ಮಗಳಾಗಿ ಹುಟ್ಟಿ ಇಷ್ಟು ವರ್ಷ ಮಾತಿನಲ್ಲಿ ನನ್ನ ಕಾಲೆಳೆದದ್ದು ಸಾಲದೆಂದು, ಈಗ ಕಾಲನ್ನೇ ಎಳೆಯುವ ಹುನ್ನಾರ.

ಆದರೂ ಗುರುವಿನ ಸ್ಥಾನದಲ್ಲಿ ನಿಂತು ಹೇಳುತ್ತೇನೆ. ಬಾಕ್ಸಿಂಗ್ ಬೇಡ. ನಮ್ಮ ಮನೆತನದ ಹೆಂಗಸರ ಕೈಗೆ ಗವಸು ತೊಡಿಸುವುದು ಒನಕೆಗೆ ದಿಂಬು ಕಟ್ಟಿದ ಹಾಗೆ. ಜೂಡೊ ಬೇಡವೇ ಬೇಡ. ಅಂಗಿಯ ಕತ್ತುಪಟ್ಟಿ ಹಿಡಿದು ದರದರ ಎಳೆಯುವುದನ್ನು ನಿನ್ನ ಅಮ್ಮ ನನ್ನ ಮೇಲೆ ಅಭ್ಯಾಸ ಮಾಡಿ ಮುಗಿಸಿದ್ದಾಳೆ, ಅದರಲ್ಲಿ ಹೊಸದೇನಿಲ್ಲ. ಕರಾಟೆ ಕಲಿ. ನಿಲುವು ಚೆಂದ, ಬಟ್ಟೆ ಬಿಳಿ, ದೂರದಿಂದಲೇ ಮುಗಿಯುತ್ತದೆ.

ಬರಿಗೈಯಲ್ಲಿ ಮಾತ್ರ ಯಾವ ಗುರುವಿನ ಹೊಸ್ತಿಲನ್ನೂ ದಾಟಬೇಡ. ನಮ್ಮ ಪದ್ಧತಿಯಂತೆ ಬೇರು ಒಪ್ಪಿಸು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರೆ ನೀನು ಅವರವಳು, ಆಮೇಲೆ ಹಿಂದೆ ಸರಿಯುವ ಹಾಗಿಲ್ಲ. ನನ್ನ ಕೃಪೆಯಿಂದ ಈಗ ನಿನ್ನಲ್ಲಿ ಇರುವುದು ಒಂದೇ ಕಟ್ಟು. ನೋಡಿ ಕೊಡು.

ನಿನ್ನ ಕರಿ ಪಟ್ಟಿಯ ಭಾವ,
ಇಸಿಕೇಲಿ


ಬ್ರಿಸ್ಬೇನ್, ಏಪ್ರಿಲ್ 2, 1979

ಬೇರುಗಳ್ಳ ಭಾವನಿಗೆ,

ಬೇರು ಬಂತು. ನೀನು ಕುಡಿದದ್ದನ್ನು ಅಮ್ಮನಿಗೆ ಬರೆದಿದ್ದೇನೆ. ಮುಂದಿನ ಸಲ ಊರಿಗೆ ಹೋಗುವಾಗ ಕತ್ತುಪಟ್ಟಿಯಿಲ್ಲದ ಅಂಗಿ ಹಾಕಿಕೊಂಡು ಹೋಗು.

ಒಂದೇ ಕಟ್ಟು ಉಳಿಸಿದ್ದಕ್ಕೆ ಊರೆಲ್ಲ ಅಲೆದೆ. ನಿನ್ನ ಮಾತಿಗೆ ಬೆಲೆ ಕೊಟ್ಟು ಮೊದಲು ಕರಾಟೆ ಶಾಲೆಗೇ ಹೋದೆ. ಅಲ್ಲಿಯ ಗುರುವಿನ ಹೆಸರು ಗ್ರೆಗ್. ಗೋಡೆಯ ತುಂಬ ಗ್ರೆಗ್ ಹಾರುತ್ತಿರುವ ಫೋಟೋಗಳು. ಪುಣ್ಯಾತ್ಮ ನೆಲದ ಮೇಲೆ ನಿಂತಿರುವ ಫೋಟೋ ಒಂದೂ ಇಲ್ಲ.

"ಆರೇ ತಿಂಗಳು. ಆಮೇಲೆ ಒಬ್ಬನೂ ನಿನ್ನ ಹತ್ರ ಸುಳಿಯಲ್ಲ, ನೋಡ್ತಿರು" ಅಂದ.

"ಯಾರೂ ಹತ್ರ ಸುಳೀದೆ ಇದ್ರೆ ನಾನು ಮಾತಾಡೋದು ಯಾರ್ ಜೊತೆ?" ಅಂದೆ. ಅವನಿಗೆ ನಗು ಬರಲಿಲ್ಲ. ನಗು ಬಾರದವನ ಕೈಗೆ ಬೇರು ಹೇಗೆ ಕೊಡಲಿ?

ಬಾಕ್ಸಿಂಗ್ ಹಾಲಿನ ಕೆವ್ ಒಳ್ಳೆಯ ಮನುಷ್ಯ, ಹಗ್ಗ ಜಿಗಿಸಿದ, ಬೆವರಿಳಿಸಿದ. ಆದರೆ ಚೀಲದಿಂದ ಬೇರಿನ ತುದಿ ಕಂಡದ್ದೇ ತಡ, "ಇದ್ಯಾಕಮ್ಮಾ ಸೌದೆ ಹೊತ್ಕೊಂಡು ತಿರುಗ್ತೀಯ?" ಅಂದುಬಿಟ್ಟ. ಬೇರನ್ನು ಮತ್ತೆ ಒಳಗೆ ತುರುಕಿದೆ.

ಮೂರನೆಯದು ಒಂದು ಚರ್ಚ್ ಹಾಲ್. ಹಗಲು ಅಲ್ಲಿ ಪಿಯಾನೊ ಪಾಠ, ಸಂಜೆ ಜೂಡೊ. ಎರಡನ್ನೂ ಹೇಳಿಕೊಡುವವರು ಜಾಯ್ಸ್ ಹ್ಯಾಲೊರನ್ ಅಂತ, ತಲೆ ಪೂರ್ತಿ ನರೆತಿದೆ.

"ಯಾಕೆ ಬಂದೆ?" ಅಂದರು.

"ಮೈ ಗಟ್ಟಿ ಮಾಡ್ಕೊಳ್ಳೋಕೆ."

"ಅಷ್ಟೇನಾ? ಒಳಗೆ ಬಂದ್ಮೇಲೂ ಚೀಲದ ಪಟ್ಟಿ ಕೈಗೆ ಸುತ್ಕೊಂಡೇ ಇದ್ದೀಯಲ್ಲ."

ಭಾವ, ನಿನಗೂ ಹೇಳಿಬಿಡುತ್ತೇನೆ, ಅಮ್ಮನಿಗೆ ಹೇಳಬೇಡ. ಫೆಬ್ರವರಿಯಲ್ಲಿ ರೈಲ್ವೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಒಬ್ಬ ನನ್ನನ್ನು ತಳ್ಳಿ ಚೀಲ ಕಿತ್ತುಕೊಂಡು ಓಡಿದ. ಮೊಣಕಾಲು ತರಚಿತು, ಅದು ಆಗಲೇ ವಾಸಿಯಾಗಿದೆ. ವಾಸಿಯಾಗದ್ದು ಬೇರೆ. ಕತ್ತಲಾದ ಮೇಲೆ ಆ ಮೆಟ್ಟಿಲು ಇಳಿಯಲು ನನ್ನಿಂದ ಆಗುತ್ತಿಲ್ಲ. ಆಸ್ಪತ್ರೆಯ ಸಂಜೆ ಪಾಳಿಗಳನ್ನು ತಪ್ಪಿಸಿಕೊಂಡಿದ್ದೇನೆ. ಜೂನ್‌ನಿಂದ ಸಂಜೆ ಪಾಳಿ ಎಲ್ಲರಿಗೂ ಕಡ್ಡಾಯವಂತೆ. ಮಾಡದಿದ್ದರೆ ಹೆರಿಗೆ ನರ್ಸಿನ ತರಬೇತಿ ಅರ್ಧಕ್ಕೇ ನಿಂತಂತೆ ಅಂತ ಮೇಟ್ರನ್ ಹೇಳಿದ್ದಾರೆ.

ಜಾಯ್ಸ್‌ಗೂ ಇಷ್ಟನ್ನೇ ಹೇಳಿದೆ. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತು ಬೇರು ಮುಂದಿಟ್ಟು, ನಮ್ಮ ಮಾತಿನಲ್ಲೇ ಒಪ್ಪಿಸಿದೆ. ಅವರಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಚಪ್ಪಲಿ ಬಿಟ್ಟು, ನನ್ನೆದುರು ಮಂಡಿಯೂರಿ, ಎರಡೂ ಕೈಯಲ್ಲಿ ತೆಗೆದುಕೊಂಡರು. "ಈಗ ನಾನೇನು ಮಾಡ್ಬೇಕು?" ಅಂದರು. ಅಂಗೈ ಬಟ್ಟಲು ಮಾಡಿ ಚಪ್ಪಾಳೆ ತಟ್ಟುವುದನ್ನು ತೋರಿಸಿದೆ. ತಟ್ಟಿದರು.

ಹಾಗಾಗಿ ಜೂಡೊ. ನಿನ್ನ ಕರಿ ಪಟ್ಟಿ ನೊಂದುಕೊಂಡಿದ್ದರೆ ಕ್ಷಮಿಸಲಿ.

ಲವೇನಿಯಾ


ಸುವಾ, ಏಪ್ರಿಲ್ 21, 1979

ಲವೇನಿಯಾ,

ನೀನು ಆ ಮೆಟ್ಟಿಲಿನ ಸುದ್ದಿಯನ್ನು ಜೂಡೊ ಸುದ್ದಿಯ ಬಾಲಕ್ಕೆ ಕಟ್ಟಿ ಕಳಿಸಿದ್ದೀಯೆ. ನಾನೋ, ನೀನು ನನ್ನ ಕಾಲೆಳೆಯಲು ಕಲಿಯುತ್ತಿದ್ದೀಯೆಂದು ಹಾಸ್ಯ ಬರೆದೆ. ಅತ್ತೆಗೆ ಹೇಳಿಲ್ಲ. ಹೇಳಿದರೆ ಅವಳು ಕಂಡಾವಿನಿಂದ ದೋಣಿ ಹತ್ತಿ ಬ್ರಿಸ್ಬೇನಿಗೆ ಬಂದು ಆ ಕಳ್ಳನನ್ನು ಹುಡುಕಿ ಕತ್ತುಪಟ್ಟಿ ಹಿಡಿಯುತ್ತಾಳೆ. ಎರಡು ದೇಶಗಳ ಸ್ನೇಹ ಕೆಡುತ್ತದೆ.

ಜೂಡೊ ಆಯಿತು, ಸರಿ. ಬೇರು ಒಪ್ಪಿಸಿದ ಮೇಲೆ ಮಾತೇ ಇಲ್ಲ. ಆದರೆ ಒಂದು ಎಚ್ಚರಿಕೆ: ಅವರು ಮೊದಲು ನಿನಗೆ ಬೀಳುವುದನ್ನೇ ಕಲಿಸುತ್ತಾರೆ. ವಾರಗಟ್ಟಲೆ ಬೀಳಿಸುತ್ತಾರೆ. ಬೇಸರಪಡಬೇಡ. ಗಲ್ಲವನ್ನು ಎದೆಗೆ ಒತ್ತಿಕೊ, ಬೆನ್ನು ಚಾಪೆಗೆ ತಾಗುವ ಮೊದಲು ಅಂಗೈಯಿಂದ ಚಾಪೆಗೆ ಬಲವಾಗಿ ಬಾರಿಸು. ಬಾರಿಸದಿದ್ದರೆ ಬೆಳಿಗ್ಗೆ ಏಳುವಾಗ ನಿನ್ನ ಬೆನ್ನು ನಿನ್ನನ್ನು ಬಯ್ಯುತ್ತದೆ. ಹೀಗೆಂದು ಬಲ್ಲವರು ಹೇಳುತ್ತಾರೆ.

ಕರಾಟೆಯವರಾದ ನಮಗೆ ಬೀಳುವ ಪ್ರಸಂಗವೇ ಬರುವುದಿಲ್ಲ, ಬಿಡು.

ಇಸಿಕೇಲಿ


ಬ್ರಿಸ್ಬೇನ್, ಮೇ 27, 1979

ಭಾವ,

ನೀನು ಹೇಳಿದ್ದು ಸರಿ, ಬರೀ ಬೀಳುವುದೇ. ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ. ನಮ್ಮ ತರಗತಿಯಲ್ಲಿ ಬಸ್ ಓಡಿಸುವ ಮರ್ವ್ ಅಂತ ಒಬ್ಬರಿದ್ದಾರೆ, ಬೀಳುವಾಗಲೆಲ್ಲ "ಮುಂದಿನ ಸ್ಟಾಪ್" ಅನ್ನುತ್ತಾರೆ. ಎಲ್ಲರೂ ಬಿದ್ದು ಬಿದ್ದು ನಗುತ್ತೇವೆ, ಎರಡೂ ಅರ್ಥದಲ್ಲಿ.

ವಿಚಿತ್ರವೆಂದರೆ, ಎಷ್ಟು ಸಲ ಬಿದ್ದರೂ ಏನೂ ಆಗುವುದಿಲ್ಲ ಅಂತ ಮೈಗೆ ತಿಳಿಯುತ್ತ ಬಂದಿದೆ. ಆ ಮೆಟ್ಟಿಲನ್ನು ಈಗ ಕಂಬಿ ಹಿಡಿಯದೆ ಇಳಿಯುತ್ತೇನೆ. ಹಗಲಿನಲ್ಲಿ. ಕತ್ತಲೆಯ ಮಾತು ಇನ್ನೂ ಬೇರೆಯೇ.

ಹೋದ ವಾರ ಜಾಯ್ಸ್ ಹೊಸದೊಂದು ಹೇಳಿಕೊಟ್ಟರು. "ಯಾರಾದ್ರೂ ಹಿಡ್ಕೊಂಡ್ರೆ ಪಟ್ಟು ಗಿಟ್ಟು ಅಂತ ನಿಂತ್ಕೋಬೇಡಿ. ಮೊದ್ಲು ಕೂಗಿ. ಆಮೇಲೆ ಓಡಿ. ಓಡೋಕಾಗ್ಲಿಲ್ಲ ಅಂದ್ರೆ ಮಾತ್ರ ನಾನು ಕಲಿಸಿದ್ದು" ಅಂದರು. ಎಲ್ಲರೂ ಸಾಲಾಗಿ ಕೂಗಬೇಕು. ಮರ್ವ್ ಕೆಮ್ಮಿದ ಹಾಗೆ ಕೂಗಿದರು. ನಮ್ಮ ಜೊತೆ ಕಲಿಯುವ ಶಾಲೆಯ ಹುಡುಗಿಯರು ನಕ್ಕುಬಿಟ್ಟರು. ನನ್ನ ಸರದಿ ಬಂತು, ನನಗೂ ಬಾಯಿ ಬರಲಿಲ್ಲ.

"ಊರಲ್ಲಿ ಯಾರನ್ನಾದ್ರೂ ದೂರದಿಂದ ಕರೀತಿರಲಿಲ್ವಾ?" ಅಂದರು.

ಕರೆಯುತ್ತಿದ್ದೆವಲ್ಲ, ಭಾವ. ಮೀನಿಗೆ ಹೋದ ದೋಣಿ ಹವಳದ ದಿಬ್ಬದ ಆಚೆ ಇದ್ದಾಗ, ಅಮ್ಮ ಮಾಡುತ್ತಿದ್ದ ಆ ಕೂಗು. ಅದನ್ನು ಹಾಕಿದೆ. ಕಿಟಕಿಯ ಗಾಜು ಝಲ್ಲೆಂದಿತು. ಪಕ್ಕದ ಮನೆಯಿಂದ ಒಬ್ಬರು ಓಡಿ ಬಂದು "ಯಾರಿಗಾದ್ರೂ ಏನಾದ್ರೂ ಆಯ್ತಾ?" ಅಂತ ಕೇಳಿದರು.

"ಏನಿಲ್ಲ, ಹೊಸ ಸ್ವರ ಕಲೀತಿದ್ದೀವಿ" ಅಂದರು ಜಾಯ್ಸ್.

ಮುಂದಿನ ವಾರದಿಂದ ಸಂಜೆ ಪಾಳಿ. ನೋಡೋಣ.

ಲವೇನಿಯಾ


ಸುವಾ, ಜುಲೈ 8, 1979

ಲವೇನಿಯಾ,

ಜೂನ್ ಪೂರ್ತಿ ಕಳೆಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಗ್ರಂಥಾಲಯದ ಅಂಚೆಯನ್ನು ನಾನೇ ಬಿಚ್ಚುತ್ತೇನೆ, ಪ್ರತಿ ಬೆಳಿಗ್ಗೆ ಆಸ್ಟ್ರೇಲಿಯಾದ ಅಂಚೆಚೀಟಿ ಹುಡುಕುತ್ತೇನೆ. ನಿನ್ನೆ ಬಂದದ್ದು ಕುರಿ ಸಾಕಣೆಯ ಪತ್ರಿಕೆ.

ಇಲ್ಲಿಂದ ಮುಂದೆ ಹಾಸ್ಯವಿಲ್ಲ. ಆಗದಿದ್ದರೆ ಬಂದುಬಿಡು. ಯಾರೂ ನಗುವುದಿಲ್ಲ. ನಗುವ ಹಕ್ಕು ಇರುವುದು ಭಾವನಾದ ನನಗೊಬ್ಬನಿಗೆ, ಅದನ್ನು ಬಿಟ್ಟುಕೊಟ್ಟಿದ್ದೇನೆ. ವಿಮಾನ ಯಾವತ್ತು ಎಂದು ಬರೆ, ನಿನ್ನ ಪೆಟ್ಟಿಗೆ ಹೊರಲು ನಾನು ಬರುತ್ತೇನೆ. ಉಳಿಯುವುದಾದರೆ ಉಳಿ, ಆದರೆ ಎರಡಕ್ಷರ ಬರೆ.

ಇಸಿಕೇಲಿ


ಬ್ರಿಸ್ಬೇನ್, ಜುಲೈ 29, 1979

ಭಾವ,

ನಿನ್ನ ಪತ್ರ ಬಂದಾಗ ಪೆಟ್ಟಿಗೆ ನಿಜವಾಗಿಯೂ ಕಟ್ಟಿಯಾಗಿತ್ತು. ಮಾರ್ಚಿನಿಂದಲೂ ಅದು ಮಂಚದ ಕೆಳಗೆ ಕಟ್ಟಿಕೊಂಡೇ ಕುಳಿತಿತ್ತು. ಬೇಕಾದ ಬಟ್ಟೆಯನ್ನು ಅದರಿಂದಲೇ ತೆಗೆದು, ಒಗೆದು, ಮತ್ತೆ ಅದರಲ್ಲೇ ಇಡುತ್ತಿದ್ದೆ. ಇದನ್ನು ಜಾಯ್ಸ್‌ಗೂ ಹೇಳಿರಲಿಲ್ಲ.

ಜೂನ್ ಪೂರ್ತಿ ಸಂಜೆ ಪಾಳಿ ಮಾಡಿದೆ. ದಿನವೂ ಗೆಳತಿ ಪೆಗ್ಗಿ ಜೊತೆಗೆ ಬರುತ್ತಿದ್ದಳು. ಜುಲೈಯಲ್ಲಿ ಅವಳ ಪಾಳಿ ಬದಲಾಯಿತು. ಮೊದಲ ದಿನ ಒಬ್ಬಳೇ ಮೆಟ್ಟಿಲು ಇಳಿಯುತ್ತಿದ್ದೆ. ಹಿಂದಿನಿಂದ ಯಾರೋ ಚೀಲದ ಪಟ್ಟಿಗೆ ಕೈ ಹಾಕಿದರು. ಅವನೇ ಹೌದೋ ಅಲ್ಲವೋ ಗೊತ್ತಿಲ್ಲ.

ಕಲಿತ ಪಟ್ಟುಗಳಲ್ಲಿ ಒಂದೂ ನೆನಪಾಗಲಿಲ್ಲ. ಅಮ್ಮ ನೆನಪಾದಳು. ಕೂಗಿದೆ, ಭಾವ. ದೋಣಿ ಎಷ್ಟೇ ದೂರವಿದ್ದರೂ ತಿರುಗಬೇಕು, ಆ ಕೂಗು. ಪ್ಲಾಟ್‌ಫಾರ್ಮಿನಲ್ಲಿದ್ದವರೆಲ್ಲ ತಿರುಗಿದರು. ಹೊರಡಲಿದ್ದ ರೈಲಿನ ಗಾರ್ಡ್ ಕೂಡ ಇಳಿದುಬಂದ. ಪಟ್ಟಿ ಹಿಡಿದಿದ್ದವನು ಬೆಚ್ಚಿ ಕೈಬಿಟ್ಟ, ನಾನು ಎಳೆಯುತ್ತಿದ್ದವಳು ಮುಂದಕ್ಕೆ ಮುಗ್ಗರಿಸಿ ಮೆಟ್ಟಿಲ ಮೇಲಿಂದ ಬಿದ್ದೆ. ಬಿದ್ದೆ ಅಂದರೆ, ಚೆಂದವಾಗಿ ಬಿದ್ದೆ. ಭುಜದ ಮೇಲೆ ಉರುಳಿ ಎದ್ದು ನಿಂತೆ. ಟೋಪಿ ತಲೆಯ ಮೇಲೆಯೇ ಇತ್ತು. ಅವನು ಓಡಿದ ದಿಕ್ಕನ್ನು ನಾಲ್ಕು ಜನ ನಾಲ್ಕು ಕಡೆ ತೋರಿಸುತ್ತಿದ್ದರು.

ಒಬ್ಬ ಮುದುಕಿ ಹತ್ತಿರ ಬಂದು, "ಅಯ್ಯೋ ಮಗಳೇ, ಪೆಟ್ಟಾಯ್ತಾ?" ಅಂದಳು.

"ಇಲ್ಲಮ್ಮ, ಇದನ್ನ ದುಡ್ಡು ಕೊಟ್ಟು ಕಲ್ತಿದ್ದೀನಿ" ಅಂದೆ.

ನಗು ಬಂತು, ನಿಲ್ಲಲಿಲ್ಲ. ನಗುತ್ತಲೇ ಒಬ್ಬಳೇ ಹಾಸ್ಟೆಲಿಗೆ ನಡೆದೆ. ಮರುದಿನವೂ ಒಬ್ಬಳೇ ಬಂದೆ. ಅದರ ಮರುದಿನವೂ.

ನಿನ್ನೆ ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನೆಲ್ಲ ಕಪಾಟಿಗೆ ಹಾಕಿದೆ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ಅದಕ್ಕೆ ಮೊದಲು ಬರೆದಿದ್ದರೆ ಸುಳ್ಳು ಬರೆಯಬೇಕಾಗಿತ್ತು.

ನೀನು ಬಿಟ್ಟುಕೊಟ್ಟ ಹಕ್ಕನ್ನು ವಾಪಸು ತೆಗೆದುಕೊ. ನೀನು ನಗದಿದ್ದರೆ ಪತ್ರ ಸಪ್ಪೆ.

ಲವೇನಿಯಾ


ಸುವಾ, ಸೆಪ್ಟೆಂಬರ್ 30, 1979

ಅತ್ತೆ ಮಗಳೇ, ವೀರವನಿತೆ, ಪೆಟ್ಟಿಗೆ ಬಿಚ್ಚಿದ ಪುಣ್ಯಾತ್ಗಿತ್ತಿ,

ಹಕ್ಕು ವಾಪಸು ಪಡೆದಿದ್ದೇನೆ. ನಿನ್ನ ಪತ್ರವನ್ನು ಗ್ರಂಥಾಲಯದಲ್ಲಿ ಓದಿ ಗಟ್ಟಿಯಾಗಿ ನಕ್ಕು, 'ಮೌನವಿರಲಿ' ಎಂಬ ಫಲಕದ ಕೆಳಗೆ ಕುಳಿತ ನನ್ನನ್ನೇ ನಾನು ಗದರಿಸಬೇಕಾಯಿತು.

ಈಗ ಒಂದು ಸಣ್ಣ ವಿಷಯ. ಹೋದ ತಿಂಗಳು ಊರಿಗೆ ಹೋಗಿದ್ದೆ. ಕಳ್ಳ ಓಡಿಹೋದ ಮೇಲೆ ಇನ್ನು ಗುಟ್ಟೇಕೆಂದು ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವಳು ಮೊದಲು ಅತ್ತಳು, ಆಮೇಲೆ ತನ್ನ ಕೂಗಿಗೆ ಆಸ್ಟ್ರೇಲಿಯಾದ ರೈಲು ನಿಂತಿತೆಂದು ಮೂರು ಊರಿಗೆ ಸಾರಿದಳು. ಸಂಜೆ ಬೋಗುಣಿಯ ಸುತ್ತ ಕುಳಿತಾಗ ಊರ ಮುಖಂಡ ತೆವಿತಾ ಕೇಳಿದ, "ಅಲ್ಲಯ್ಯ, ಆ ಹುಡುಗಿಗೆ ಇದನ್ನೆಲ್ಲ ಹೇಳ್ಕೊಟ್ಟೋರು ಯಾರು?"

ನಾಲ್ಕು ಚಿಪ್ಪು ಬೇರಿನ ನೀರು ಹೊಟ್ಟೆಗೆ ಹೋಗಿತ್ತು. ನನ್ನ ಬಾಯಿಂದ ಏನು ಬಂತೆಂದರೆ, "ಇನ್ಯಾರು? ನಾನೇ. ಅಂಚೆ ಮೂಲಕ."

"ಹಂಗಾದ್ರೆ ಹೊಸ ವರ್ಷಕ್ಕೆ ಅವಳು ಬಂದಾಗ ಗುರು ಶಿಷ್ಯೆ ಇಬ್ರೂ ಚಾಪೆ ಮೇಲೆ ತೋರಿಸ್ಬಿಡಿ. ನಾವೂ ನೋಡ್ತೀವಿ" ಅಂದ ತೆವಿತಾ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿದ ಮೇಲೆ ಮಾತು ಮುಗಿದಂತೆ.

ನಿನಗೆ ಬಿಡುವಿಲ್ಲದಿದ್ದರೆ ಖಂಡಿತ ಬರಬೇಡ. ಓದು ಮುಖ್ಯ.

ಇಸಿಕೇಲಿ


ಬ್ರಿಸ್ಬೇನ್, ನವೆಂಬರ್ 18, 1979

ಗುರುಗಳೇ,

ರಜೆ ಸಿಕ್ಕಿದೆ. ಬರುತ್ತಿದ್ದೇನೆ. ನಿಮ್ಮ ಕರಿ ಪಟ್ಟಿಗೆ ಇಸ್ತ್ರಿ ಮಾಡಿಸಿಡಿ.

ಲವೇನಿಯಾ

ಮರೆತಿದ್ದೆ: ನಿನಗೆ ಮೊಣಕಾಲು ನೋವಂತೆ, ಅಮ್ಮ ಬರೆದಿದ್ದಾಳೆ. ಯಾವ ಕಾಲು ಅಂತ ಅವಳಿಗೆ ಪ್ರತಿ ಸಲ ಬೇರೆ ಬೇರೆ ಹೇಳಬೇಡ. ಅವಳು ಗಮನಿಸುತ್ತಾಳೆ.


ಸುವಾ, ಜನವರಿ 20, 1980

ಪ್ರೀತಿಯ ಲವೇನಿಯಾ,

ನೀನು ಸುಖವಾಗಿ ಬ್ರಿಸ್ಬೇನ್ ಸೇರಿದ್ದು ತಿಳಿದು ಸಂತೋಷವಾಯಿತು. ಹೊಸ ವರ್ಷದ ದಿನದ ಆ ಘಟನೆಯ ಬಗ್ಗೆ ಕಂಡಾವಿನಲ್ಲಿ ಹಲವು ಕಥೆಗಳು ಹರಡಿವೆಯಾದ್ದರಿಂದ ಒಂದೆರಡು ಮಾತು ಸ್ಪಷ್ಟಪಡಿಸಬೇಕಾಗಿದೆ.

ನೀನು ಅತಿಥಿ. ಕಡಲು ದಾಟಿ ಬಂದವಳು. ಮಳೆಯಿಂದಲ್ಲ, ಹೊಸ ವರ್ಷದ ನೀರೆರಚಾಟದಿಂದ ಒದ್ದೆಯಾದ ಊರೆಲ್ಲ ಚಾವಡಿಯಲ್ಲಿ ಸೇರಿತ್ತು. ಅತ್ತೆ ಹೊಸ ಚಾಪೆಗಳನ್ನು ಒಂದರ ಮೇಲೊಂದು ಹಾಸಿದ್ದಳು. ಇಂಥ ಹೊತ್ತಿನಲ್ಲಿ ಕರಿ ಪಟ್ಟಿಯವನೊಬ್ಬ ಅತಿಥಿಯನ್ನು ಕೆಡವಿದರೆ ಅದು ವಿದ್ಯೆಯಲ್ಲ, ಅವಿವೇಕ. ಹಾಗಾಗಿ ನೀನು ನನ್ನ ಕತ್ತುಪಟ್ಟಿಗೆ ಕೈಯಿಟ್ಟ ಕೂಡಲೇ ನಾನು ಸ್ವಇಚ್ಛೆಯಿಂದ, ಆತಿಥ್ಯದ ಅಂಗವಾಗಿ, ಚಾಪೆಯ ಮೇಲೆ ಮಲಗಿದೆ. ಜನ ಅದನ್ನು ಬಿದ್ದ ಎಂದರು. ಜನಕ್ಕೇನು.

ನೆನಪಿರಲಿ: ಗೆದ್ದವಳು ನೀನು, ಗೆಲ್ಲಿಸಿದವನು ನಾನು.

ಇಸಿಕೇಲಿ


ಬ್ರಿಸ್ಬೇನ್, ಫೆಬ್ರವರಿ 10, 1980

ಭಾವ,

ಪರೀಕ್ಷೆ ಪಾಸಾಯಿತು. ಮುಂದಿನ ವರ್ಷ ಈ ಹೊತ್ತಿಗೆ ನಮ್ಮ ದ್ವೀಪದ ವುನಿಸಿಯಾ ಆಸ್ಪತ್ರೆಯಲ್ಲಿ ಕಂಡಾವಿನ ಮಕ್ಕಳನ್ನು ನಾನೇ ಎತ್ತಿಕೊಳ್ಳುತ್ತಿರುತ್ತೇನೆ. ಅಮ್ಮನಿಗೆ ನೀನೇ ಹೋಗಿ ಹೇಳು.

ಈಗ ನಿನ್ನ ಆತಿಥ್ಯದ ವಿಚಾರ. ಜಾಯ್ಸ್‌ಗೆ ಕಥೆಯೆಲ್ಲ ಹೇಳಿದೆ. "ಯಾವ ಪಟ್ಟು ಹಾಕಿದೆ?" ಅಂತ ಕೇಳಿದರು. ಯೋಚಿಸಿದೆ, ಹೊಳೆಯಲಿಲ್ಲ. ನಾನು ನಿನ್ನ ಕತ್ತುಪಟ್ಟಿ ಹಿಡಿದದ್ದು ನೆನಪಿದೆ. ಎಳೆದದ್ದು ನೆನಪಿಲ್ಲ. ಅಷ್ಟರಲ್ಲಿ ನೀನು ಕೆಳಗಿದ್ದೆ.

"ಹೇಗೆ ಬಿದ್ದ?" ಅಂದರು. ಎದ್ದು ತೋರಿಸಿದೆ. ಗಲ್ಲ ಎದೆಗೆ, ಬೆನ್ನು ಗುಂಡಗೆ, ಅಂಗೈ ಚಾಪೆಗೆ ಛಟೀರ್. ತೋರಿಸುತ್ತಿದ್ದ ಹಾಗೆ ನನಗೇ ಅನುಮಾನ ಬಂತು. ಜಾಯ್ಸ್ ನಕ್ಕುಬಿಟ್ಟರು. "ಅವನು ಯಾರ ಹತ್ರಾನೋ ಚೆನ್ನಾಗಿ ಬಿದ್ದು ಕಲ್ತಿದ್ದಾನೆ ಕಣೆ" ಅಂದರು.

ಆಮೇಲೆ ನಿನ್ನ ಹಳೆಯ ಪತ್ರಗಳನ್ನೆಲ್ಲ ಹರಡಿಕೊಂಡು ಓದಿದೆ. ಬೀಳುವುದು ಹೇಗೆಂದು ನನ್ನ ಗುರುಗಳಷ್ಟೇ ಸರಿಯಾಗಿ ಬರೆದವನು ನೀನು. ಬೆನ್ನು ಬಯ್ಯುತ್ತದೆ ಅಂದವನೂ ನೀನೇ. ಬಲ್ಲವರು ಯಾರು, ಭಾವ? ನಿಜ ಹೇಳು.

ಲವೇನಿಯಾ


ಸುವಾ, ಫೆಬ್ರವರಿ 24, 1980

ಪ್ರೀತಿಯ ಲವೇನಿಯಾ,

ಅತ್ತೆಗೆ ಹೇಳಿದೆ. ಹವಳದ ದಿಬ್ಬದ ಕಡೆ ತಿರುಗಿ ಒಂದು ಕೂಗು ಹಾಕಿದಳು, ಮೀನಿಗೆ ಹೋಗಿದ್ದವರೆಲ್ಲ ಬಲೆ ಬಿಟ್ಟು ವಾಪಸು ಬಂದರು. ಅವತ್ತು ಊರಿಗೆ ಮೀನಿಲ್ಲ, ಆದರೂ ಹಬ್ಬವಾಯಿತು.

ಇನ್ನು ನಿಜ. ನನ್ನ ಆ ಕರಿ ಪಟ್ಟಿ ಗ್ರಂಥಾಲಯದ ಹಳೆಯ ಪರದೆಯಿಂದ ಕತ್ತರಿಸಿದ ತುಂಡು. ಕರಾಟೆಯ ಬಗ್ಗೆ ನನಗೆ ತಿಳಿದಿದ್ದೆಲ್ಲ ನಮ್ಮಲ್ಲಿರುವ ಒಂದು ಪುಸ್ತಕದಿಂದ, ಅದರ ಹಿಂದಿನ ಅರ್ಧವನ್ನು ಗೆದ್ದಲು ತಿಂದಿದೆ. ನಿನ್ನ ಮೊದಲ ಪತ್ರ ಬಂದಾಗ ತಲೆ ತಗ್ಗಿತು. ನಿಜವಾದ ಉತ್ತರ ಬೇಕೆಂದು ಕೇಳಿದವಳಿಗೆ ಗೆದ್ದಲು ಬಿಟ್ಟ ಅರ್ಧ ಪುಸ್ತಕ ಕೊಡುವುದೇ? ಕಲಿತೇ ಹೇಳೋಣವೆಂದು ಟೂರಾಕ್ ಬಡಾವಣೆಯ ಹಾಲಿಗೆ ಹೋದೆ. ಬರಿಗೈಯಲ್ಲಿ ಹೋಗುವುದು ಹೇಗೆ? ನಿನ್ನ ಒಂದು ಕಟ್ಟು ಬೇರು ತೆಗೆದುಕೊಂಡೆ. ಹೌದು, ಅದನ್ನು ನಾನು ಕುಡಿಯಲಿಲ್ಲ. ಬೇರು ಕುಡಿದ ಕಳ್ಳನೆನ್ನಿಸಿಕೊಳ್ಳುವುದು, ಈ ವಯಸ್ಸಿನಲ್ಲಿ ಅ ಆ ಇ ಈ ಕಲಿಯಲು ಹೊರಟವನೆನ್ನಿಸಿಕೊಳ್ಳುವುದಕ್ಕಿಂತ ಗೌರವವೆಂದು ಆಗ ತೋರಿತು.

ಒಳಗೆ ಬಿಳಿ ಬಟ್ಟೆಯ ಮೇಷ್ಟ್ರೊಬ್ಬರು ನಿಂತಿದ್ದರು. ಕುಳಿತೆ, ಬೇರು ಮುಂದಿಟ್ಟೆ, ಉದ್ದನೆಯ ಮಾತಾಡಿ ಒಪ್ಪಿಸಿದೆ. ಅವರೂ ನಮ್ಮವರೇ, ಕ್ರಮಬದ್ಧವಾಗಿ ಸ್ವೀಕರಿಸಿದರು. ಚಪ್ಪಾಳೆಯೂ ಆಯಿತು. ಆಮೇಲೆ ಹೇಳಿದರು, "ಕರಾಟೆ ಬುಧವಾರ ಕಣಪ್ಪ. ಇವತ್ತು ಸೋಮವಾರ, ಜೂಡೊ." ಒಪ್ಪಿಸಿದ ಬೇರನ್ನು ವಾಪಸು ಕೇಳುವುದುಂಟೆ? ಅಂದಿನಿಂದ ಪ್ರತಿ ಸೋಮವಾರ ಬೀಳುತ್ತಿದ್ದೇನೆ. ಸೊಂಟದ ಬೆಲ್ಟು ಎರಡು ತೂತು ಒಳಗೆ ಬಂದಿದೆ, ಚರ್ಚಿನಲ್ಲಿ ಉಸಿರು ಉದ್ದವಾಗಿದೆ. ನೀನು ಬೀಳುತ್ತಿದ್ದ ವಾರಗಳಲ್ಲೆಲ್ಲ ನಾನೂ ಇಲ್ಲಿ ಬೀಳುತ್ತಿದ್ದೆ. ಬರೆಯಬೇಕೆನ್ನಿಸುತ್ತಿತ್ತು, ಬರೆಯಲಿಲ್ಲ.

ಕಡೆಗೆ ಆತಿಥ್ಯ. ನಮ್ಮ ತರಗತಿಯಲ್ಲಿ ನನ್ನ ಜೋಡಿ ರೋಶ್ನಿ, ಮಾರ್ಕೆಟ್ಟಿನ ಹತ್ತಿರದ ದರ್ಜಿಯ ಮಗಳು. ಬಹಳ ಶಿಸ್ತು, ಕರುಣೆ ಕಡಿಮೆ. ಅವಳು ಕತ್ತುಪಟ್ಟಿ ಹಿಡಿದ ಮೇಲೆ ನಾನು ನಿಂತಿದ್ದರೆ ಅವಳು ಕೆಡವುತ್ತಾಳೆ, ಅದು ನೋವು. ಅದಕ್ಕೇ ಹಿಡಿದ ಕೂಡಲೇ ನಾನೇ ಬಿದ್ದುಬಿಡುವುದು ಅಭ್ಯಾಸವಾಗಿದೆ. ಹೊಸ ವರ್ಷದ ದಿನ ನೀನು ಕತ್ತುಪಟ್ಟಿಗೆ ಕೈಯಿಟ್ಟೆ. ಮೈ ತಾನಾಗಿಯೇ ಬಿತ್ತು. ಅತಿಥಿ, ಆತಿಥ್ಯ, ಯಾವುದೂ ಆಗ ತಲೆಯಲ್ಲಿರಲಿಲ್ಲ. ರೋಶ್ನಿಯೇ ಇದ್ದಳು.

ಇವತ್ತಿಗೂ ಅವಳನ್ನು ಒಂದು ಸಲವೂ ಕೆಡವಲು ನನ್ನಿಂದಾಗಿಲ್ಲ. ಮೇಷ್ಟ್ರು ಧೈರ್ಯ ಹೇಳುತ್ತಾರೆ, ಬಿಡಬೇಡ, ಇನ್ನೊಂದು ವರ್ಷ ಪ್ರಯತ್ನಿಸು ಎನ್ನುತ್ತಾರೆ. ಆದರೆ ಅವಳೂ ಬೆಳೆಯುತ್ತಿದ್ದಾಳಲ್ಲ, ಲವೇನಿಯಾ. ಬರುವ ತಿಂಗಳು ಅವಳಿಗೆ ಒಂಬತ್ತು ತುಂಬುತ್ತದೆ.

ಇಸಿಕೇಲಿ